ಸಣ್ಣ ಅಕ್ಷರದ ಪುಟಗಳು

ಸೆಪ್ಟೆಂಬರ್ ೨

ತಂಗಿ ಬಂದಳು. ಪೆಟ್ಟಿಗೆ ಒಂದೇ, ಆದರೆ ದೊಡ್ಡದು. ಎರಡನೇ ಮಹಡಿಯವರೆಗೂ ತಾನೇ ಎತ್ತಿಕೊಂಡು ಬಂದಳು, ನನ್ನ ಕೈ ತಾಗಗೊಡಲಿಲ್ಲ. ಆಸ್ಪತ್ರೆಯಲ್ಲಿ ರೋಗಿಗಳನ್ನೇ ಎತ್ತಿ ಮಲಗಿಸಿದವಳಿಗೆ ಪೆಟ್ಟಿಗೆ ಯಾವ ಲೆಕ್ಕ ಎನ್ನುವ ಹಾಗಿತ್ತು ಮುಖ. ಒಂದು ತಿಂಗಳ ರಜೆಯಂತೆ. ಗಂಡ ತೀರಿಕೊಂಡ ಮೇಲೆ ಅವಳು ಈ ಮನೆಗೆ ಬಂದದ್ದು ಇದೇ ಮೊದಲು.

ಬಾಗಿಲಲ್ಲೇ ನಿಂತು ಜರ್ಮನ್‌ನಲ್ಲಿ ಏನೋ ಅಂದಳು. ಅಪ್ಪ ಕುರ್ಚಿಯಿಂದ ಎದ್ದುಬಿಟ್ಟರು. ಅವರ ಕಣ್ಣಿನ ನಡುಭಾಗ ಹೋಗಿದೆ, ಅಂಚಿನಲ್ಲಿ ಮಾತ್ರ ಒಂದಿಷ್ಟು ಕಾಣುತ್ತದೆ. ಯಾರನ್ನಾದರೂ ನೋಡಬೇಕೆಂದರೆ ಮುಖವನ್ನು ಪಕ್ಕಕ್ಕೆ ತಿರುಗಿಸಬೇಕು, ಮುನಿಸಿಕೊಂಡವರ ಹಾಗೆ. ಅವಳೆದುರು ಹಾಗೆ ಮುನಿಸಿಕೊಂಡು ನಿಂತು ನಗುತ್ತಿದ್ದರು.

ನಾನು ದಿನಾ ಸಂಜೆ ಕೆಲಸದಿಂದ ಬಂದಾಗ ಅವರು ಏಳುವುದಿಲ್ಲ. ಏಳಬೇಕೆಂದು ನಾನು ಬಯಸಿದವಳೂ ಅಲ್ಲ. ಕಂಡದ್ದನ್ನು ಬರೆದೆ, ಅಷ್ಟೆ.

ಸೆಪ್ಟೆಂಬರ್ ೪

ಒಮ್ಮೆ ಎಲ್ಲವನ್ನೂ ನೇರವಾಗಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ನ್ಯಾಯ ಯಾರ ಕಡೆಗಿದೆ ಎಂದು ನನಗಾದರೂ ತಿಳಿದಿರಲಿ.

ಅಪ್ಪ ಬದುಕಿನುದ್ದಕ್ಕೂ ಸಂಜೆ ತರಗತಿಯಲ್ಲಿ ಜರ್ಮನ್ ಕಲಿಸಿದರು. ಸೈಕಲ್ ಅಂಗಡಿಯ ಮೇಲೊಂದು ಕೋಣೆ. ಹೊರದೇಶಕ್ಕೆ ಹೊರಟ ನರ್ಸುಗಳು, ಮೆಕ್ಯಾನಿಕ್‌ಗಳು. ಮನೆಯಲ್ಲಿ ತಂಗಿಗೂ ಕಲಿಸಿದರು. ನನಗೆ ಕಲಿಸಲಿಲ್ಲ. ಆಗ ಅಮ್ಮ ಹಾಸಿಗೆ ಹಿಡಿದಿದ್ದಳು. ಇಬ್ಬರಲ್ಲಿ ಒಬ್ಬಳು ಒಲೆಯ ಹತ್ತಿರ ಇರಬೇಕಿತ್ತು, ದೊಡ್ಡವಳು ನಾನು. ಇದರಲ್ಲಿ ಯಾರ ತಪ್ಪೂ ಇಲ್ಲ. ಯಾರ ತಪ್ಪೂ ಇಲ್ಲದ ವಿಷಯಗಳನ್ನು ಮರೆಯುವುದು ಹೆಚ್ಚು ಕಷ್ಟ.

ಕಣ್ಣು ಹೋದ ಮೇಲೆ ಅಪ್ಪ ತಮ್ಮ ಜರ್ಮನ್ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಸವರುತ್ತ ಕೂರುತ್ತಿದ್ದರು. ದಪ್ಪನೆಯ ಪುಸ್ತಕ. ಬಹಳ ಹಿಂದಿನ ಒಬ್ಬ ದೊಡ್ಡ ಲೇಖಕ ಬದುಕಿನ ಬಗ್ಗೆ, ಮನುಷ್ಯರ ಸ್ವಭಾವದ ಬಗ್ಗೆ ಬರೆದ ಚಿಕ್ಕ ಚಿಕ್ಕ ಬರಹಗಳು. ನಮ್ಮ ಮನೆಯಲ್ಲಿ ಅವನಿಗೆ ಹೆಸರಿಲ್ಲ, ಮುದುಕ ಎಂದರೆ ಅವನೇ. ಅಪ್ಪ ಸವರುವುದನ್ನು ನೋಡಲಾರದೆ, ಉಚ್ಚಾರ ಹೇಳಿಕೊಡಿ, ಓದುತ್ತೇನೆ ಎಂದೆ. ಯಾವ ಅಕ್ಷರದ ಮೇಲೆ ಚುಕ್ಕಿ ಬಂದರೆ ತುಟಿ ಹೇಗೆ ಸುತ್ತಬೇಕು, ಎಲ್ಲಿ ಗಂಟಲು ಉಜ್ಜಬೇಕು, ಇಷ್ಟು ಕಲಿತೆ. ಅರ್ಥ ಕಲಿಯಲಿಲ್ಲ. ಅವರೂ ಕಲಿಸುತ್ತೇನೆ ಅನ್ನಲಿಲ್ಲ. ಎರಡು ವರ್ಷದಿಂದ ಹೀಗೆ ಸಂಜೆಗೊಂದು ಪುಟ, ಗೋಡೆಗೆ ಬಣ್ಣ ಬಳಿಯುವವರ ಹಾಗೆ ಓದುತ್ತ ಬಂದಿದ್ದೇನೆ.

ಓದಿ ಮುಗಿಸಿದ ಮೇಲೆ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ. ಆಮೇಲೆ, “ಮುದುಕ ಏನಂತಾನೆ ಗೊತ್ತಾ?” ಎಂದು ಒಂದೇ ಮಾತಿನಲ್ಲಿ ಸಾರ ಹೇಳುತ್ತಾರೆ. ಆ ಒಂದು ಮಾತಿಗಾಗಿ ನಾನು ಓದುವುದು. ನನ್ನ ಗಂಡ ಬೇರೆ ಮನೆ ಮಾಡಿದ ವಾರ ಅಪ್ಪ ಹೇಳಿದ್ದು: “ಮನೆ ಖಾಲಿಯಾಯ್ತು ಅಂತ ಅಳೋ ಮೊದಲು ಒಂದು ಸಲ ನೋಡು, ಗಾಳಿ ಆಡೋಕೆ ಶುರುವಾಗಿದೆಯೋ ಏನೋ ಅಂತಾನೆ.” ಎದ್ದು ಹೋಗಿ ಕಿಟಕಿ ತೆರೆದಿದ್ದೆ. ನನ್ನ ವಿಷಯ ಆ ಜರ್ಮನಿಯವನಿಗೆ ಹೇಗೆ ತಿಳಿಯಿತೋ.

ಈಗ ತಂಗಿ ಓದುತ್ತಾಳೆ.

ಸೆಪ್ಟೆಂಬರ್ ೭

ಮೊದಲ ಪುಟದಿಂದ ಶುರುಮಾಡಿದ್ದಾರೆ. ನಾನು ಗುರುತಿಗೆ ಇಟ್ಟಿದ್ದ ಬಸ್ ಟಿಕೆಟ್ಟು ಕೊನೆಯ ಕಡೆಯ ಪುಟಗಳಲ್ಲಿ ಹಾಗೇ ಇದೆ. ಅಲ್ಲಿಂದ ಮುಂದುವರಿಸಬಹುದಿತ್ತು.

ಅವಳು ಓದುವಾಗ ಅಪ್ಪ ನಡುನಡುವೆ ತಡೆಯುತ್ತಾರೆ, ಅವಳು ವಾದಿಸುತ್ತಾಳೆ, ಇಬ್ಬರೂ ನಗುತ್ತಾರೆ. ಎಲ್ಲ ಆ ಭಾಷೆಯಲ್ಲೇ. ಕೊನೆಯಲ್ಲಿ ಸಾರ ಹೇಳುವ ಮಾತೇ ಇಲ್ಲ, ಅವಳಿಗೆ ಬೇಡವಲ್ಲ. ನಾನು ಅಡುಗೆಮನೆಯಲ್ಲಿ ನಿಂತು ತರಕಾರಿ ಹೆಚ್ಚುತ್ತ ನಗು ಎಲ್ಲಿ ಬರುತ್ತದೆ ಎಂದು ಕಿವಿಗೊಟ್ಟಿದ್ದೆ. ನಾನು ಓದಿದಾಗ ಅಪ್ಪ ನಕ್ಕ ನೆನಪಿಲ್ಲ.

ಇನ್ನೊಂದು. ನಾನು ಅಪ್ಪನನ್ನು ‘ನೀವು’ ಅನ್ನುತ್ತೇನೆ. ಅವಳು ಚಿಕ್ಕಂದಿನಿಂದ ‘ನೀನು’. “ಅಪ್ಪಾ, ನಿನ್ನ ಬಟನ್ ತಪ್ಪಾಗಿ ಹಾಕ್ಕೊಂಡಿದೀಯ ನೋಡು,” ಎಂದು ಎಲ್ಲರೆದುರು ಅವರ ಅಂಗಿ ಬಿಚ್ಚಿ ಸರಿಮಾಡಿದಳು. ಎಲ್ಲರು ಎಂದರೆ ನಾನೊಬ್ಬಳೇ ಇದ್ದೆ.

ಸೆಪ್ಟೆಂಬರ್ ೯

ಇದು ಹೊಟ್ಟೆಕಿಚ್ಚಲ್ಲ. ನನಗೆ ವಿಶ್ರಾಂತಿ ಸಿಕ್ಕಿದೆ. ಸಂಜೆ ಕಾಲು ಚಾಚಿ ಕೂರಬಹುದು. ಕೂತಿದ್ದೇನೆ.

ಸೆಪ್ಟೆಂಬರ್ ೧೩

ಇವತ್ತು ಲ್ಯಾಬಿನಲ್ಲಿ ಒಬ್ಬ ನಿವೃತ್ತ ಗಾಯಕಿಯ ಕಟ್ಟುಹಲ್ಲಿನ ಪೂರ್ತಿ ಸೆಟ್ಟು. ಮೇಲಿನ ಸಾಲಿಗೆ ಬಣ್ಣ ಹೊಂದಿಸುವುದರಲ್ಲೇ ಬೆಳಗು ಕಳೆಯಿತು. ಮಾದರಿ ಹಲ್ಲುಗಳ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಪಕ್ಕದ ಮೇಜಿನಲ್ಲಿ ಅಚ್ಚುಗಳಿಗೆ ಗಾರೆ ಸುರಿಯುವವನು (ಅವನನ್ನು ಎಲ್ಲರೂ ಕರೆಯುವುದೂ ಗಾರೆ ಎಂದೇ) ಕೇಳಿದ:

“ಏನಕ್ಕಾ, ಬೆಳಿಗ್ಗೆಯಿಂದ ಹಲ್ಲು ಕಡೀತಾನೇ ಇದೀಯ?”

“ಇಲ್ವಲ್ಲ.”

“ಇಲ್ಲೀವರೆಗೆ ಕೇಳಿಸ್ತಿದೆ. ಕಡಿದು ಸವೆಸ್ಕೊಂಡ್ರೆ ನಮಗೇ ಗಿರಾಕಿ ಆಗ್ತೀಯ ನೋಡು. ಒಳಗಿನವರು ಅಂತ ನಾನೇನೂ ಬಿಡೋನಲ್ಲ, ಬಾಯಿ ತುಂಬಾ ಗಾರೆ ಹಾಕಿಬಿಡ್ತೀನಿ.”

“ನನ್ನ ತಂಗಿ ಬಂದಿದಾಳೆ,” ಎಂದೆ.

“ಓ,” ಎಂದ. ಇಬ್ಬರು ಅಣ್ಣಂದಿರಿರುವವನು. ಮತ್ತೇನೂ ಕೇಳಲಿಲ್ಲ.

ಮನೆಗೆ ಬಂದಾಗ ಓದು ನಡೆದಿತ್ತು. ಊಟಕ್ಕೆ ಕೂತಾಗ ತಂಗಿ ನನಗಾಗಿ ಕನ್ನಡದಲ್ಲಿ ಹೇಳಿದಳು: “ಇವತ್ತಿಂದು ಅಸೂಯೆ ಬಗ್ಗೆ ಅಕ್ಕ. ತುಂಬಾ ಚೆನ್ನಾಗಿದೆ. ಅಸೂಯೆಪಡೋನು ಎದುರಿನವನನ್ನ ಪ್ರೀತಿಸೋನಿಗಿಂತ ಸೂಕ್ಷ್ಮವಾಗಿ ನೋಡ್ತಾನಂತೆ. ಪ್ರೀತಿಸೋನು ಅರ್ಧ ನೋಡಿ ಕಣ್ಣು ಮುಚ್ಕೋತಾನಂತೆ.”

“ಪಲ್ಯಕ್ಕೆ ಉಪ್ಪು ಸಾಕಾ?” ಎಂದೆ.

ಅಪ್ಪ ಮುಖ ಪಕ್ಕಕ್ಕೆ ತಿರುಗಿಸಿದರು. ನನ್ನನ್ನು ನೋಡಲಿಕ್ಕೆ.

ಸೆಪ್ಟೆಂಬರ್ ೧೫

ಸೂಕ್ಷ್ಮವಾಗಿ ನೋಡಿದ್ದು ಇಷ್ಟು. ಬೆಳಿಗ್ಗೆ ತನಗೆ ಕಾಫಿ ಮಾಡಿಕೊಳ್ಳುವಾಗ ಎರಡು ಲೋಟ ಇಳಿಸುತ್ತಾಳೆ, ಒಂದನ್ನು ಮತ್ತೆ ಮೇಲಿಡುತ್ತಾಳೆ. ದಿನಾ. ತಟ್ಟೆಯಲ್ಲಿ ಅರ್ಧ ಬಿಡುತ್ತಾಳೆ. ಕೋಣೆಯ ದೀಪ ಆರಿಸದೆ ಮಲಗುತ್ತಾಳೆ. ಮಂಚದ ಒಂದೇ ಅಂಚಿನಲ್ಲಿ ಮಲಗಿ ಉಳಿದದ್ದನ್ನು ಸುಮ್ಮನೆ ಬಿಟ್ಟಿರುತ್ತಾಳೆ. ಒಗೆದ ಬಟ್ಟೆಯನ್ನು ಆಸ್ಪತ್ರೆಯವರ ಹಾಗೆ ಮಡಚುತ್ತಾಳೆ, ನಾನು ಮಡಚಿಟ್ಟದ್ದನ್ನೂ ಬಿಚ್ಚಿ ಮತ್ತೆ.

ಸೆಪ್ಟೆಂಬರ್ ೧೬

ವಿಷಯ ಹೊರಗೆ ಬಿತ್ತು. ಅವಳು ರಜೆ ಹಾಕಿ ಬಂದದ್ದು ಅಪ್ಪನನ್ನು ನೋಡಿ ಹೋಗಲು ಅಲ್ಲ, ತನ್ನೂರಿಗೆ ಕರೆದುಕೊಂಡು ಹೋಗಲು.

“ಅಲ್ಲಿ ನಮ್ಮನೆ ಕೆಳಗೇ ಪಾರ್ಕಿದೆ ಅಕ್ಕ. ಮೆಟ್ಟಿಲು ಹತ್ತೋ ಕಷ್ಟ ಇಲ್ಲ. ಆಸ್ಪತ್ರೆ ಹತ್ತಿರ. ನೀನೂ ಎಷ್ಟು ಅಂತ ಮಾಡ್ತೀಯ, ಹಗಲೆಲ್ಲಾ ಲ್ಯಾಬು, ಸಂಜೆ ಇದು.”

“ಇದು ಅಂದ್ರೆ?”

“ಅದೇ… ಅಪ್ಪನ್ನ ನೋಡ್ಕೊಳ್ಳೋದು, ಓದೋದು. ಪಾಪ, ಅರ್ಥ ಆಗದೇ ಇರೋದನ್ನ ದಿನಾ ಓದೋದು ಅಂದ್ರೆ ಶಿಕ್ಷೆ ಅಲ್ವಾ?”

ಪಾಪ ಅಂದಳು. ಅಪ್ಪನ ಕಡೆ ನೋಡಿದೆ. “ಅವಳ ರಜೆ ಮುಗಿಯೋ ಹೊತ್ತಿಗೆ ಹೇಳ್ತೀನಿ,” ಎಂದರು. ಇಲ್ಲ ಅನ್ನಲಿಲ್ಲ. ಥಟ್ಟನೆ ಇಲ್ಲ ಅನ್ನುತ್ತಾರೆ ಎಂದುಕೊಂಡಿದ್ದೆ.

ಸೆಪ್ಟೆಂಬರ್ ೧೯

ಬರೆಯಬಾರದು ಎಂದುಕೊಂಡಿದ್ದೆ, ಬರೆಯುತ್ತಿದ್ದೇನೆ.

ಅಪ್ಪ ಸ್ನಾನಕ್ಕೆ ಹೋಗಿದ್ದರು. ತಂಗಿ ಪುಸ್ತಕದ ಧೂಳು ಒರೆಸುತ್ತ ನನ್ನ ಗುರುತಿನ ಪುಟ ತೆರೆದಳು.

“ಅಕ್ಕ, ಈ ಬಸ್ ಟಿಕೆಟ್ಟು ನೀನಿಟ್ಟಿದ್ದಾ?”

“ಹೌದು. ತೆಗೀಬೇಡ. ನಾವು ಅಲ್ಲೀವರೆಗೆ ಓದಿದೀವಿ.”

“ಇಲ್ಲೀವರೆಗಾ?” ಪುಟ ಹಿಂದೆ ಮಗುಚಿದಳು, ಇನ್ನೂ ಹಿಂದೆ ಮಗುಚಿದಳು. “ಇದು ಪುಸ್ತಕ ಅಲ್ವಲ್ಲಕ್ಕ.”

“ಮತ್ತೇನು, ಇಟ್ಟಿಗೇನಾ?”

“ಮುದುಕನ ಬರಹ ಎಷ್ಟೋ ಹಿಂದೇನೇ ಮುಗಿದುಹೋಗಿದೆ. ಇದೆಲ್ಲಾ ಸಂಪಾದಕರ ಟಿಪ್ಪಣಿ. ಯಾವ ಹಸ್ತಪ್ರತೀಲಿ ಯಾವ ಪದ ಬಿಟ್ಟುಹೋಗಿದೆ, ಯಾವ ಮುದ್ರಣದಲ್ಲಿ ಕಾಮಾ ಹಾಕಿದ್ರು, ತೆಗೆದ್ರು… ಕೊನೇದಂತೂ ಜಾಹೀರಾತು. ಅದೇ ಪ್ರಕಾಶಕರ ಬೇರೆ ಪುಸ್ತಕಗಳದ್ದು. ನೀನು ಟಿಕೆಟ್ಟಿಟ್ಟಿರೋ ಪುಟ ಜೇನು ಸಾಕೋದು ಹೇಗೆ ಅನ್ನೋ ಪುಸ್ತಕದ್ದು.” ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. “ಅಪ್ಪನಿಗೆ ಜೇನುಪೆಟ್ಟಿಗೆ ಜಾಹೀರಾತು ಓದಿ ಹೇಳಿದೀಯಲ್ಲಕ್ಕ!”

ಆ ಪುಟಗಳಲ್ಲಿ ಅಕ್ಷರ ಸಣ್ಣದಾಗಿತ್ತು, ನಿಜ. ಮುದುಕನಿಗೂ ವಯಸ್ಸಾಗಿ ಧ್ವನಿ ಕುಗ್ಗಿದೆ ಎಂದು ನಾನು ಅಂದುಕೊಂಡಿದ್ದೆ.

“ಅಪ್ಪ ಏನೂ ಹೇಳ್ಲಿಲ್ವಾ?” ಎಂದಳು, ಕಣ್ಣೊರೆಸಿಕೊಳ್ಳುತ್ತ.

“ಹೇಳಿದ್ರು.”

“ಏನು?”

ಜೇನಿನ ಪುಟ ಓದಿದ ಸಂಜೆ ಅಪ್ಪ ಹೇಳಿದ್ದನ್ನು ಹೇಳಿದೆ: ಇನ್ನೊಬ್ಬರ ಬಾಯಿ ತುಂಬಿಸೋರು ತಮ್ಮ ಬಾಯಲ್ಲೂ ಒಂದು ನಗು ಇದೆ ಅನ್ನೋದನ್ನ ಮರೀಬಾರದು ಅಂತಾನೆ ಮುದುಕ. ಹಲ್ಲು ಮಾಡುವವಳಿಗೆ ಎಷ್ಟು ಸರಿಯಾಗಿ ಹೇಳಿದ್ದಾನೆ ಎಂದು ಆವತ್ತು ಬೆರಗಾಗಿದ್ದೆ. ಅದನ್ನು ತಂಗಿಗೆ ಹೇಳಲಿಲ್ಲ.

ಅವಳ ನಗು ನಿಂತಿತು. ಬೇರೆ ಮಾತುಗಳನ್ನೂ ಕೇಳಿದಳು. ಮನೆ ಖಾಲಿಯಾದದ್ದು, ಗಾಳಿ ಆಡುವುದು. ಮೊದಲಿಂದ ಕೊನೆಯವರೆಗೆ ಹುಡುಕಿದಳು, ಬಾಯಿಪಾಠ ಬರುವಷ್ಟು ಓದಿದವಳು.

“ಇಲ್ಲ,” ಎಂದಳು. “ಇದು ಎಲ್ಲೂ ಇಲ್ಲ.”

ಸೆಪ್ಟೆಂಬರ್ ೨೦

ಅವಳಿಗೆ ಬೇರು ಇರುವ ಹಲ್ಲು, ನನಗೆ ಅಪ್ಪ ಕೂತು ಹೊಂದಿಸಿಕೊಟ್ಟ ಸೆಟ್ಟು. ಅಸಲಿಯೆಲ್ಲ ಅವಳ ಪಾಲಿಗೆ. ಎರಡು ವರ್ಷ ಅವರೆದುರು ಕೂತು ಕಾಮಾ, ಚುಕ್ಕಿ, ಜಾಹೀರಾತು ಅರಚಿದ್ದೇನೆ. ತಡೆದು ಒಂದು ಮಾತು ಹೇಳಬಹುದಿತ್ತು. ತರಗತಿಯಲ್ಲಿ ಮೆಕ್ಯಾನಿಕ್‌ಗಳ ತಪ್ಪು ತಿದ್ದುತ್ತಿದ್ದರಲ್ಲ.

ಸೆಪ್ಟೆಂಬರ್ ೨೨

ಲ್ಯಾಬಿಗೆ ವಸಡು ಮಾಡುವ ಪುಡಿಯ ಹೊಸ ಡಬ್ಬಿ ಬಂತು. ಜರ್ಮನಿಯದು. ಒಳಗೆ ಬಳಸುವ ವಿಧಾನದ ಚೀಟಿ, ಏಳೆಂಟು ಭಾಷೆಯಲ್ಲಿ. ಜರ್ಮನ್ ಭಾಗವನ್ನು ಕತ್ತರಿಸಿ ಚೀಲದಲ್ಲಿಟ್ಟುಕೊಂಡೆ.

“ಅದ್ಯಾಕಕ್ಕಾ?” ಎಂದ ಗಾರೆ.

“ಅಪ್ಪನಿಗೆ ಓದೋಕೆ.”

“ಹಲ್ಲಿನ ಪುಡಿ ಬಗ್ಗೆನಾ? ಪಾಪ, ಮನೇಲಿ ದಿನಪತ್ರಿಕೆ ತರಿಸಬಾರದಾ?”

ಸಂಜೆ ತಂಗಿ ತನ್ನ ಕೋಣೆಯಲ್ಲಿದ್ದಳು. ಅಪ್ಪನಿಗೆ ಹೇಳಿದೆ, ಇವತ್ತು ನಾನು ಓದುತ್ತೇನೆ, ನಮ್ಮ ಗುರುತಿನಿಂದ ಮುಂದಕ್ಕೆ. ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತರು. ದಪ್ಪ ಪುಸ್ತಕವನ್ನು ತೊಡೆಯ ಮೇಲೆ ತೆರೆದು, ಅದರೊಳಗೆ ಚೀಟಿಯಿಟ್ಟು ಓದಿದೆ. ಚೆನ್ನಾಗಿಯೇ ಓದಿದೆ, ಗಂಟಲು ಉಜ್ಜಬೇಕಾದಲ್ಲಿ ಉಜ್ಜಿದೆ. ಮೂರನೇ ಸಾಲಿಗೆ ಅಪ್ಪನ ಹುಬ್ಬು ಏರಿತು. ಆಮೇಲೆ ಇಳಿಯಿತು. ಕೊನೆಯವರೆಗೂ ಕೈ ಕಟ್ಟಿಕೊಂಡು ಕೇಳಿದರು.

ನಾನು ಕಾದೆ. ಈಗ ಏನು ಕಟ್ಟುತ್ತಾರೋ ನೋಡೋಣ ಎಂದು.

“ಮುದುಕ ಏನಂತಾನೆ ಗೊತ್ತಾ?” ಎಂದರು. “ಕಲಸಿದ ತಕ್ಷಣ ಅವಸರ ಮಾಡಬಾರದು. ಮೊದಲು ಮರಳಿನ ಹಾಗಿರುತ್ತೆ, ಆಮೇಲೆ ದಾರದ ಹಾಗೆ ಎಳೆಯುತ್ತೆ. ಮುಟ್ಟಿದ್ರೆ ಬೆರಳಿಗೆ ಅಂಟುತ್ತೆ. ಅಂಟೋದು ನಿಲ್ಲೋವರೆಗೂ ಮುಚ್ಚಿಡಬೇಕು. ಅದು ನಿಂತ ಮೇಲೆಯೇ ಅದಕ್ಕೆ ಆಕಾರ ಕೊಡೋಕೆ ಬರೋದು ಅಂತಾನೆ.”

ಚೀಟಿಯಲ್ಲಿರುವುದು ಅದೇ. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಇಪ್ಪತ್ತೈದು ವರ್ಷದಿಂದ ದಿನಾ ಆ ಪುಡಿ ಕಲಸುವವಳು ನಾನು. ಅದು ನನಗೆ ಗೊತ್ತಿದೆ ಎಂದು ಅವರಿಗೆ ಗೊತ್ತಿದೆ.

ಮುಖ ಪಕ್ಕಕ್ಕೆ ತಿರುಗಿಸಿ ನನ್ನನ್ನೇ ನೋಡುತ್ತಿದ್ದರು. ನನಗೆ ನಗು ಬಂತು. ಅವರಿಗೂ ಬಂತು. ನಾನು ಓದಿದ್ದಕ್ಕೆ ಅಪ್ಪ ನಕ್ಕದ್ದು ಇದೇ ಮೊದಲು, ಕೆಳಗಿನ ಸೆಟ್ಟು ಸಡಿಲವಾಗುವಷ್ಟು.

ತಲೆಯೆತ್ತಿದರೆ ತಂಗಿ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಅವಳು ನಗುತ್ತಿರಲಿಲ್ಲ.

ಸೆಪ್ಟೆಂಬರ್ ೨೬

ಇವತ್ತು ಮಧ್ಯಾಹ್ನ ರಜೆ. ತಂಗಿ ಅಂಗಡಿಗೆ ಹೋಗಿದ್ದಾಗ ಅಪ್ಪ ಕರೆದರು.

“ದೊಡ್ಡವಳೆ, ನಾನೆಲ್ಲೂ ಹೋಗಲ್ಲ.”

“ಯಾಕಪ್ಪಾ?”

“ಅವಳ ಜರ್ಮನ್ ಬಲು ಶುದ್ಧ. ಕೇಳ್ತಾ ಕೇಳ್ತಾ ನಿದ್ದೆ ಬರುತ್ತೆ.”

“ಅವಳು ಬೇಜಾರು ಮಾಡ್ಕೋತಾಳೆ.”

“ಅವಳು ಗಟ್ಟಿ. ಚಿಕ್ಕೋಳಿದ್ದಾಗಿಂದ್ಲೂ ಗಟ್ಟಿ. ಒಂದು ಸಲ ಹೇಳಿದ್ರೆ ಸಾಕು, ಎರಡನೇ ಸಲ ಕೇಳಿದೋಳಲ್ಲ.”

ಗೆದ್ದೆ! ಇದನ್ನು ಬೇರೆ ಹೇಗೂ ಬರೆಯಲಾರೆ. ಸಂಜೆ ಎರಡು ಬಗೆಯ ಪಲ್ಯ ಮಾಡಿದೆ. ಅಪ್ಪನ ಅಂಗಿಗಳನ್ನು ಅವಳು ಮಡಚಿದ್ದಲ್ಲಿಂದ ಬಿಚ್ಚಿ ನನ್ನ ಹಾಗೆ ಮಡಚಿಟ್ಟೆ. ಕಿಟಕಿಗಳ ಗಾಜು ಒರೆಸಿದೆ, ಅದಕ್ಕೆ ಕಾರಣವೇ ಇರಲಿಲ್ಲ. ಸಣ್ಣವಳಿದ್ದಾಗ ಒಲೆಯ ಮುಂದೆ ನಿಂತು ಆಚೆ ಕೋಣೆಯ ಪಾಠ ಕೇಳುತ್ತಿದ್ದ ಆ ಹಳೆಯ ‘ನಾನು’ ಇವತ್ತು ನನ್ನ ಜೊತೆ ಮನೆತುಂಬ ಓಡಾಡಿದಳು. ಅವಳಿಗೆ ಹೇಳಿದೆ: ನೋಡು, ಕೊನೆಗೂ.

ಅಪ್ಪ ಊಟದ ಹೊತ್ತಿಗೆ ತಂಗಿಗೆ ಹೇಳಿದರು. “ಸರಿ,” ಎಂದಳು. ಅಷ್ಟೇ. ಗಟ್ಟಿ.

ಅವಳ ತಟ್ಟೆಯಲ್ಲಿ ಇವತ್ತು ಅರ್ಧವಲ್ಲ, ಮುಕ್ಕಾಲು ಉಳಿದಿತ್ತು.

ಸೆಪ್ಟೆಂಬರ್ ೨೮

ಬೆಳಿಗ್ಗೆ ಕಾಫಿಗೆ ಹೋದಾಗ ಅವಳು ಎರಡು ಲೋಟ ಇಳಿಸಿ, ಒಂದನ್ನು ಎತ್ತಿ ಮೇಲಿಡುತ್ತಿದ್ದಳು. ನಾನು ಅವಳ ಕೈಯಿಂದ ಅದನ್ನು ತೆಗೆದುಕೊಂಡೆ.

“ಇದಕ್ಕೂ ಹಾಕು. ನಾನು ಕುಡೀತೀನಿ.”

ನಾನು ಕಾಫಿ ಕುಡಿಯುವವಳಲ್ಲ, ಅದು ಅವಳಿಗೂ ಗೊತ್ತು. ಹಾಕಿಕೊಟ್ಟಳು. ಬಾಲ್ಕನಿಯಲ್ಲಿ ನಿಂತೆವು. ಕೆಳಗೆ ಯಾರೋ ಸ್ಕೂಟರನ್ನು ಒದ್ದು ಒದ್ದು ಸ್ಟಾರ್ಟ್ ಮಾಡುತ್ತಿದ್ದರು.

“ನಮ್ಮನೆಯವರು ಹೋದಾಗ ಅಪ್ಪ ಫೋನ್ ಮಾಡಿದ್ರು,” ಎಂದಳು. “ಏನು ಹೇಳಿದ್ರು ಗೊತ್ತಾ ಅಕ್ಕ? ಸಾವಿನ ಬಗ್ಗೆ ಮುದುಕಂದು ಒಂದು ಉದ್ದ ವಾಕ್ಯ ಇದೆ, ಅದನ್ನ ಅರ್ಧ ಹೇಳಿ ನಿಲ್ಲಿಸಿದ್ರು. ಉಳಿದರ್ಧ ನಾನು ಹೇಳಿದೆ. ಕ್ರಿಯಾಪದ ಕೊನೇಲಿ ಬರುತ್ತೆ ಅದರಲ್ಲಿ, ಮರೀದೇ ಸರಿಯಾಗಿ ಹೇಳಿದೆ. ಶಭಾಷ್ ಅಂದ್ರು. ಫೋನ್ ಇಟ್ಟೆ.”

ನಾನು ಒಂದು ಗುಟುಕು ಕುಡಿದೆ.

“ಆವತ್ತೇ ನಿನಗೆ ಗಾಳಿ ಆಡುತ್ತೆ, ಕಿಟಕಿ ತೆಗಿ ಅಂತ ಹೇಳಿದಾರೆ. ಹತ್ತಿರಹತ್ತಿರ ಆವತ್ತೇ, ಲೆಕ್ಕ ಹಾಕಿದೆ. ನನಗೂ ಒಂದು ಸುಳ್ಳು ಹೇಳಬಹುದಿತ್ತಲ್ಲಕ್ಕ. ಮುದುಕ ಹೇಳ್ದ ಅಂತ. ನಾನೇನು ಹುಡುಕೋಕೆ ಹೋಗ್ತಿದ್ನಾ?”

“ಹೋಗ್ತಿದ್ದೆ,” ಎಂದೆ.

ಸ್ವಲ್ಪ ನಕ್ಕಳು. “ಹೌದು. ಹೋಗ್ತಿದ್ದೆ.”

ಅವಳು ಅಳುವಾಗಲೂ ಬೆನ್ನು ನೆಟ್ಟಗಿರುತ್ತದೆ. ಇದನ್ನು ನಾನು ಹಿಂದೆ ಗಮನಿಸಿರಲಿಲ್ಲ. ಕಾಫಿ ಕಹಿ. ಅರ್ಧ ಕುಡಿಯುವಷ್ಟರಲ್ಲಿ ನನಗೆ ಒಂದು ಸಂಗತಿ ಹೊಳೆಯಿತು. ಹೊಳೆದದ್ದೇ ಬಾಯಿ ಮುಚ್ಚಿಕೊಂಡೆ. ಗೆದ್ದು ಎರಡು ದಿನವೂ ಆಗಿಲ್ಲ.

ಸೆಪ್ಟೆಂಬರ್ ೨೯

ದಿನವಿಡೀ ಲ್ಯಾಬಿನಲ್ಲಿ ಬಾಯಿ ಮುಚ್ಚಿಕೊಂಡೇ ಇದ್ದೆ. ಸಂಜೆ ಮನೆಗೆ ಬಂದರೆ ತಂಗಿ ಅಪ್ಪನ ಅಂಗಿಗಳಿಗೆ ಇಸ್ತ್ರಿ ಹಾಕುತ್ತಿದ್ದಳು.

“ಅವರು ಬರಲ್ಲ ಅಂದ್ರಲ್ಲ, ಇದೆಲ್ಲಾ ಯಾಕೆ?”

“ಬರಲ್ಲ ಅಂದ್ರೆ ಅಂಗಿ ಮುದುರಿಕೊಂಡಿರಬೇಕಾ?”

ಇಸ್ತ್ರಿ ಪೆಟ್ಟಿಗೆಯ ಪ್ಲಗ್ಗನ್ನು ನಾನೇ ತೆಗೆದೆ.

“ಪುಟ್ಟಿ, ಕೇಳು. ಇವತ್ತು ಓದುವಾಗ ನಡುವೆ ನಿಲ್ಲಿಸು. ಗೊತ್ತಾಗ್ಲಿಲ್ಲ ಅನ್ನು.”

“ಯಾವುದು?”

“ಯಾವುದಾದ್ರೂ. ಅರ್ಥ ಏನಪ್ಪಾ ಅಂತ ಕೇಳು.”

“ನನಗೆ ಗೊತ್ತಿರುತ್ತಲ್ಲ.”

“ಅದೇ ನಿನ್ನ ರೋಗ,” ಎಂದೆ. “ಹುಟ್ಟಿದಾಗಿಂದ ಒಂದು ಸಲ ಆದ್ರೂ ಅವರ ಮುಂದೆ ಗೊತ್ತಿಲ್ಲ ಅಂದಿದೀಯಾ? ಅವರಿಗೆ ಎಲ್ಲಿ ಜಾಗ ಬಿಟ್ಟಿದೀಯ ಹೇಳು.”

“ಸುಳ್ಳು ಹೇಳ್ಬೇಕಾ?”

“ಸುಳ್ಳೇ ಆಗಿರುತ್ತೆ ಅಂತ ಏನು ಗ್ಯಾರಂಟಿ?”

ನನ್ನನ್ನು ನೋಡಿದಳು. ಇಷ್ಟು ವರ್ಷದಲ್ಲಿ ನಾನು ಅವಳಿಗೆ ಕಲಿಸಿದ ಪಾಠ ಇದೊಂದೇ ಇರಬೇಕು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಳ್ಳುವ ಹಾಗಾಯಿತು. ಅಡುಗೆಮನೆಗೆ ಹೋದೆ.

ಓದು ಶುರುವಾಯಿತು. ಅಪ್ಪ ತಡೆಯಲಿಲ್ಲ, ನಿದ್ದೆ ಬಂದಿತ್ತೋ ಏನೋ. ಒಂದು ಪುಟ ಆಯಿತು. ಅವಳ ದನಿ ಸಾಲಿನ ನಡುವೆ ನಿಂತಿತು. ಬಹಳ ಹೊತ್ತು ನಿಂತೇ ಇತ್ತು. ಅವಳಿಗೆ ಆಗುವುದಿಲ್ಲ ಎಂದುಕೊಂಡೆ. ಆಗದಿರಲಿ ಎಂದೂ ಅಂದುಕೊಂಡೆ, ಇಲ್ಲಿ ಮುಚ್ಚಿಟ್ಟು ಪ್ರಯೋಜನವಿಲ್ಲ.

“ಅಪ್ಪಾ.” ಕನ್ನಡದಲ್ಲಿ. “ಇದು ನನಗೆ ಗೊತ್ತಾಗ್ತಿಲ್ಲ.”

ಕುರ್ಚಿ ಕಿರುಗುಟ್ಟಿತು. “ಯಾವುದು? ಯಾವ ಪದ?”

“ಪದ ಅಲ್ಲ.” ಆಮೇಲೆ, ಇನ್ನೂ ಸಣ್ಣಗೆ: “ಯಾವುದೂ ಗೊತ್ತಾಗ್ತಿಲ್ಲಪ್ಪಾ. ಅವರು ಹೋದ ಮೇಲೆ ಯಾವುದೂ ಗೊತ್ತಾಗ್ತಿಲ್ಲ.”

ಕುರ್ಚಿಯನ್ನು ಎಳೆದ ಸದ್ದು. ಅಪ್ಪ ಮುಖ ತಿರುಗಿಸಿಕೊಂಡು ಅವಳನ್ನು ಹುಡುಕುತ್ತಿರಬೇಕು. ಕೊನೆಗೆ ಗಂಟಲು ಸರಿಮಾಡಿಕೊಂಡರು.

“ಮುದುಕ ಏನಂತಾನೆ ಗೊತ್ತಾ?”

ನಾನು ನಲ್ಲಿ ತಿರುಗಿಸಿದೆ. ಪೂರ್ತಿ ತಿರುಗಿಸಿದೆ. ಪಾತ್ರೆಗಳೆಲ್ಲ ಆಗಲೇ ತೊಳೆದಿದ್ದವು, ಇನ್ನೊಮ್ಮೆ ತೊಳೆದೆ. ನಿಲ್ಲಿಸುವಷ್ಟರಲ್ಲಿ ಆಚೆ ಮಾತು ಮುಗಿದಿತ್ತು.

ಅವರು ಏನು ಹೇಳಿದರು ಎಂಬುದು ನನಗೆ ಗೊತ್ತಿಲ್ಲ. ಕೇಳಿಸಿಕೊಂಡಿದ್ದರೆ ಇಲ್ಲಿ ಬರೆಯುತ್ತಿದ್ದೆ. ಬರೆದಿದ್ದರೆ ನನ್ನದರ ಪಕ್ಕದಲ್ಲಿಟ್ಟು, ಕಿಟಕಿಯ ಬೆಳಕಿಗೆ ಹಿಡಿದು, ಯಾವುದರ ಬಣ್ಣ ಚೆನ್ನ ಎಂದು ನೋಡುತ್ತಿದ್ದೆ.

ಅಕ್ಟೋಬರ್ ೨

ನಿನ್ನೆ ಹೊರಟರು. ಮೊನ್ನೆಯೇ ಅಪ್ಪ ತಿಂಡಿಯ ಹೊತ್ತಿಗೆ, “ಸ್ವಲ್ಪ ದಿನ ಹೋಗಿ ಬರ್ತೀನಿ ದೊಡ್ಡವಳೆ,” ಎಂದಿದ್ದರು. ಎಷ್ಟು ದಿನ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಹೋಗಿ ಬನ್ನಿ ಎಂದೆ. ಬೇಡ ಅನ್ನಲಿ ಎಂದು ಅವರು ಒಂದು ಗಳಿಗೆ ಕಾದ ಹಾಗಿತ್ತು. ನನ್ನ ಭ್ರಮೆಯೂ ಇರಬಹುದು.

ಟ್ಯಾಕ್ಸಿ ಬಂತು. ತಂಗಿ ಪೆಟ್ಟಿಗೆಯ ಒಂದು ಕಿವಿ ಹಿಡಿದು ಇನ್ನೊಂದನ್ನು ನನಗೆ ಬಿಟ್ಟಳು. ಇಬ್ಬರೂ ಸೇರಿ ಇಳಿಸಿದೆವು. ನಾನು ಮತ್ತೆ ಹತ್ತಿ ಬಂದು ಅಪ್ಪನ ಕೈ ಹಿಡಿದು ಇಳಿಸತೊಡಗಿದೆ. ಮೊದಲ ಮಹಡಿಯ ತಿರುವಿನಲ್ಲಿ ಅವರು ಉಸಿರು ತೆಗೆದುಕೊಳ್ಳಲು ನಿಂತರು.

“ಇವತ್ತು ಮುದುಕ ಏನೂ ಹೇಳಲ್ವಾ?” ಎಂದೆ.

“ಅವನ್ನ ನಿನ್ನ ತಂಗಿ ಆಗಲೇ ಪೆಟ್ಟಿಗೆಗೆ ಹಾಕಿ ಬೀಗ ಜಡಿದಿದಾಳೆ.”

“ಹಾಗಾದ್ರೆ ನೀವೇ ಹೇಳಿ.”

ಅವರಿಗೆ ಕಷ್ಟವಾಯಿತು. ಗೋಡೆಯ ಕಡೆ ಮುಖ ತಿರುಗಿಸಿ ನನ್ನನ್ನು ನೋಡಿದರು. ಕೆಳಗೆ ಡ್ರೈವರ್ ಹಾರ್ನ್ ಮಾಡಿದ.

“ರಾತ್ರಿ ಬಾಲ್ಕನಿ ಬಾಗಿಲು ಸರಿಯಾಗಿ ಹಾಕ್ಕೋ,” ಎಂದರು. “ಒಂದು ಸಲ ತಳ್ಳಿ ನೋಡು.”

ಅಷ್ಟೇ. ಉಳಿದ ಮೆಟ್ಟಿಲು ಇಳಿದೆವು.

ಸಂಜೆ ಅವರ ಕುರ್ಚಿಯ ಎದುರು ಕೂತು ಆ ಮಾತನ್ನು ಗಟ್ಟಿಯಾಗಿ ಒಮ್ಮೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದೆ. ಆಮೇಲೆ ಅದರ ಅರ್ಥವನ್ನು ನನಗೆ ನಾನೇ ಹೇಳಿಕೊಂಡೆ. ಅದನ್ನು ಇಲ್ಲಿ ಬರೆಯುವುದಿಲ್ಲ.